ತಿರ್ಲಾಪುರದ ಕುಬಸದಲ್ಲಿ ಜಪಾನಿನ ಒಡಪು

ಸಮಸ್ತ ಗಂಡಂದಿರ ಮಹಾಸಭೆಗೆ ವಂದನೆಗಳು. ಜಪಾನಿನ ಧಾರಾವಾಹಿಗಳಿಂದ ನಮ್ಮ ಸಂಸ್ಕೃತಿಗೆ ಒದಗಿರುವ ಗಂಡಾಂತರದ ಬಗ್ಗೆ ಇವತ್ತು ಎರಡು ಮಾತು ಆಡಲೇಬೇಕಾಗಿದೆ.

ಮಧ್ಯಾಹ್ನ ತಿರ್ಲಾಪುರದಲ್ಲಿ ನನ್ನ ತಂಗಿಯ ಮಗಳ ಕುಬಸವಿತ್ತು. ಬಸುರಿಗೆ ಆರತಿ ಮಾಡಿದ ಮೇಲೆ ರೂಢಿಯಂತೆ ಹೆಂಗಸರು ನನ್ನ ಹೆಂಡತಿಗೆ ಗಂಟುಬಿದ್ದರು. "ಗಂಡನ ಹೆಸರ ಹಚ್ಚಿ ಒಡಪು ಹೇಳ್ರಿ ವೈನಿ, ಹಂಗ ಬಿಡಂಗಿಲ್ಲ!" ಎಂದಳು ತಂಗಿ. ಇಪ್ಪತ್ತು ವರ್ಷದಿಂದ ಹೆಂಡತಿಗೆ ಪ್ರಾಸ ಕೂಡಿಸಿ ಒಡಪು ಬರೆದುಕೊಡುವವನು ನಾನೇ. ನಿನ್ನೆಯೂ ಹೊಳಿ-ಬೆಳಿ ಎಂದು ಒಂದನ್ನು ಬಾಯಿಪಾಠ ಮಾಡಿಸಿದ್ದೆ. ಆಕೆ ಅದನ್ನು ಬಿಟ್ಟು, ತಿಂಗಳಿಂದ ಮೊಬೈಲಿನಲ್ಲಿ ನೋಡುತ್ತಿರುವ ಜಪಾನಿನ ಧಾರಾವಾಹಿಯನ್ನು ನೆನೆದು ರಾಗ ಎಳೆದಳು:

"ಜಪಾನದಾಗ ಗಂಡಸರು ಉಂಡ ತಾಟ ತೊಳೀತಾರ,
ನಮ್ಮನಿ ಈರಣ್ಣನವರು ತಾಟಿನ್ಯಾಗ ಕೈ ತೊಳೀತಾರ!"

ಹೆಂಗಸರು ಬಿದ್ದು ಬಿದ್ದು ನಕ್ಕರು. "ಇನ್ನೊಮ್ಮೆ ಹೇಳವಾ, ನಮ್ಮ ಮನ್ಯಾಗೂ ಹೇಳೂಣು" ಎಂದು ಒಬ್ಬ ಮುದುಕಿ ಕೇಳಿ ಕಲಿತುಕೊಂಡಳು. ಬಾಜು ಪಡಸಾಲೆಯಲ್ಲಿ ಊಟ ಮುಗಿಸಿದ್ದ ನನಗೆ ಕೈ ಎಲ್ಲಿ ತೊಳೆಯಬೇಕೆಂದೇ ತಿಳಿಯಲಿಲ್ಲ.

ಬೈಕಿನ ಮೇಲೆ ವಾಪಸ್ ಬರುವಾಗ ಕೇಳಿದೆ, "ಅದು ಬರೇ ಧಾರಾವಾಹಿ. ಅಲ್ಲಿ ಖರೇನ ಯಾವ ಗಂಡಸು ತೊಳೀತಾನ?"

"ತೊಳೀಲಿಕ್ಕಿಲ್ರಿ. ತೊಳೀಲಿ ಅಂತ ಅಲ್ಲಿ ಹೆಣ್ಮಕ್ಕಳಿಗೂ ಆಸೆ ಇದ್ದೀತು, ಅದಕ್ಕ ತೋರಸ್ತಾರ."

ಎದುರಿಗೆ ಯಾರೂ ಇರದಿದ್ದರೂ ಹಾರ್ನ್ ಹೊಡೆದೆ.

ಇನ್ನು ಮುಚ್ಚಿಟ್ಟು ಫಲವಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಬರೆದ ಒಂದು ಒಡಪಿಗೂ ಯಾರೂ ಹೀಗೆ ನಕ್ಕಿರಲಿಲ್ಲ. ಹೊಟ್ಟೆ ಉರಿಯುತ್ತಿದೆ.