ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ ಆಯಿ

೨೦೦೧ರ ಜುಲೈ. ನನ್ನ ಹೆರಿಗೆ ರಜೆ ಮುಗಿಯಲು ಎರಡೇ ದಿನ ಉಳಿದಿತ್ತು. ಮೂರು ತಿಂಗಳ ಮಗ ಬಾಟಲಿ ಕಂಡರೆ ಮುಖ ತಿರುಗಿಸುತ್ತಿದ್ದ, ಒಳಲೆಯಲ್ಲಿ ಹಾಲು ಹಾಕಿದರೆ ಉಗುಳುತ್ತಿದ್ದ. ಮೈಸೂರಿನವಳಾದ ನಾನು ಮದುವೆಯಾಗಿ ಹೈದರಾಬಾದಿಗೆ ಬಂದು, ಬೇಗಂಪೇಟೆಯ ಒಂದು ಸಾಫ್ಟ್‌ವೇರ್ ಕಂಪನಿ ಸೇರಿ ಎರಡು ವರ್ಷವೂ ಆಗಿರಲಿಲ್ಲ. ನಾಚಾರಂನ ಮನೆಯಲ್ಲಿ ನನ್ನ ಗಂಡ, ಮಾವ ಮತ್ತು ಮಾವನ ತಾಯಿ ಇದ್ದರು. ಅತ್ತೆ ಮೊದಲೇ ತೀರಿಕೊಂಡಿದ್ದರು. ಮಾವನ ತಾಯಿಯನ್ನು ನಾವೆಲ್ಲ ‘ಆಯಿ’ ಎನ್ನುತ್ತಿದ್ದೆವು. ರಾಯಚೂರು ಕಡೆಯವರು, ಆಗ ಅವರಿಗೆ ಎಪ್ಪತ್ತೆರಡು ವರ್ಷ.

ಅಳುತ್ತಾ ರಾಜೀನಾಮೆ ಪತ್ರ ಬರೆಯುತ್ತಿದ್ದೆ. ಆಯಿ ಬಂದು ಪಕ್ಕದಲ್ಲಿ ಕೂತರು.

“ಏನ್ ಬರಿಯಾಕತ್ತಿ?”

ಹೇಳಿದೆ.

“ಅದನ್ನ ಹರದ ಹಾಕು. ನೀ ಕೆಲ್ಸಕ್ಕ ಹೋಗು. ಮಧ್ಯಾಹ್ನ ಕೂಸಿನ್ನ ನಾ ಕರಕೊಂಡ ಬರ್ತೀನಿ. ಹಾಲು ಕುಡಿಸಿ ಕಳಸು.”

“ಸಿಕಂದರಾಬಾದಿನಲ್ಲಿ ಇಳಿದು ಎರಡು ಬಸ್ಸು ಹತ್ತಬೇಕು ಆಯಿ.”

“ಹತ್ತಿದ್ರ ಆತು. ಸಿಕಂದರಾಬಾದ್ ನನಗ ಹೊಸಾದೇನ?”

ಗಂಡ ಬೇಡವೆಂದರು, ಮಾವ ರೇಗಿದರು. ಆಯಿ ಕೇಳುವವರಲ್ಲ. ಮೊದಲ ದಿನ ಒಂದು ಗಂಟೆಗೆ ಗೇಟಿನಿಂದ ಫೋನ್ ಬಂತು. ಓಡಿಹೋಗಿ ನೋಡಿದರೆ, ಹಳೆಯ ಸೀರೆಯಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡು, ಕಚ್ಚೆ ಸೀರೆಯ ಆಯಿ ಬಿಸಿಲಲ್ಲಿ ನಿಂತಿದ್ದರು. ಗುರುತಿನ ಚೀಟಿ ಇಲ್ಲದವರನ್ನು ಒಳಗೆ ಬಿಡುವಂತಿಲ್ಲ ಎಂದು ಕಾವಲುಗಾರ. ಊಟಕ್ಕೆ ಹೊರಟಿದ್ದ ಸಹೋದ್ಯೋಗಿಗಳೆಲ್ಲ ತಿರುಗಿ ನೋಡುತ್ತಿದ್ದರು. ನನಗೋ ನಾಚಿಕೆ. ಆಯಿ ಮಾತ್ರ ಅವನ ಪುಟ್ಟ ಕೋಣೆಯನ್ನೊಮ್ಮೆ ನೋಡಿ, “ಬೇಟಾ, ತೂ ಬೀ ಮಾ ಕಾ ದೂಧ್ ಪೀಕೇಚ್ ಬಡಾ ಹುವಾ ನಾ? ಜರಾ ಬಾಹರ್ ಠೈರ್” ಎಂದರು. ನೀನೂ ತಾಯಿ ಹಾಲು ಕುಡಿದೇ ದೊಡ್ಡವನಾದದ್ದಲ್ಲವೇ, ಸ್ವಲ್ಪ ಹೊರಗೆ ನಿಲ್ಲು ಎಂಬ ಮಾತಿಗೆ ಅವನು ನಕ್ಕುಬಿಟ್ಟ. ಹೊರಗೆ ಬಂದು ಬಾಗಿಲಿಗೆ ಬೆನ್ನು ಹಾಕಿ ನಿಂತ. ನಾನು ಒಳಗೆ ಕೂತು ಮಗನಿಗೆ ಹಾಲು ಕುಡಿಸಿದೆ.

ಐದು ವಾರ ಹೀಗೇ ನಡೆಯಿತು. ಒಂದು ದಿನವೂ ಆಯಿ ತಪ್ಪಿಸಲಿಲ್ಲ. ಮಳೆ ಬಂದಾಗ ತಾವು ತೊಯ್ದು, ಮಗುವನ್ನು ಒದ್ದೆಯಾಗದಂತೆ ತಂದರು.

ಆಮೇಲೆ ಒಂದು ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಕರೆದರು. “ವಿದೇಶದ ಗಿರಾಕಿಗಳು ಬರುತ್ತಾರೆ. ಗೇಟಿನಲ್ಲೇ ಇದೆಲ್ಲ ಚೆನ್ನಾಗಿ ಕಾಣಿಸಲ್ಲಮ್ಮ. ನಾಳೆಯಿಂದ ನಿಲ್ಲಿಸಿ” ಎಂದರು. ಸರಿ ಸರ್ ಎಂದು ಬಂದೆ. ಮಧ್ಯಾಹ್ನ ಆಯಿಗೆ ವಿಷಯ ಹೇಳಿದೆ.

“ನೀ ಏನಂದಿ?” ಎಂದರು ಆಯಿ.

“ಸರಿ ಅಂದೆ.”

“ಅವರನ್ನ ಕರಿ. ಇಲ್ಲಾಂದ್ರ ನಾನ ಒಳಗ ಬರ್ತೀನಿ.”

ಹೆದರುತ್ತಲೇ ಹೋಗಿ ಕರೆದೆ. ಮ್ಯಾನೇಜರ್ ಬೇಸರದ ಮುಖದಲ್ಲಿ ಬಂದರು. ತೆಲುಗಿನವರು. ಆಯಿ ತೆಲುಗಿನಲ್ಲೇ ಮಾತಾಡಿದರು, ದನಿ ಏರಿಸದೆ. ನನಗೆ ಅರ್ಥವಾದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನನ್ನ ಗಂಡ ಸತ್ತಾಗ ನನಗೆ ಇಪ್ಪತ್ತೆರಡು. ಮೂರು ತಿಂಗಳ ಕೂಸು. ಅಣ್ಣನ ಜೊತೆ ಈ ಊರಿಗೆ ಬಂದು ಗಾಜಿನ ಬಾಟಲಿ ಕಾರ್ಖಾನೆ ಸೇರಿದೆ. ಪಕ್ಕದ ಮನೆಯಾಕೆ ಕೂಸನ್ನು ಗೇಟಿನವರೆಗೆ ಎತ್ತಿಕೊಂಡು ಬರುತ್ತಿದ್ದಳು. ಮೇಸ್ತ್ರಿ ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ. ಕೂಸು ಅಳುವುದು ಒಳಗೆ ಕೇಳುತ್ತಿತ್ತು. ಹಾಲು ಇಳಿದು ಕುಪ್ಪಸ ಒದ್ದೆಯಾಗುತ್ತಿತ್ತು. ಬಾಟಲಿ ತೊಳೆಯುತ್ತಾ ನಿಂತಿರುತ್ತಿದ್ದೆ. ಕೆಲಸ ಹೋದರೆ ಗತಿಯೇನು ಎಂದು ಆ ಗೇಟಿನಲ್ಲಿ ನಾನು ಬಾಯಿ ತೆರೆಯಲಿಲ್ಲ, ಅಯ್ಯಾ. ಇಲ್ಲಿ ಸುಮ್ಮನಿರುವುದಿಲ್ಲ. ನಾಳೆಯೂ ಬರುತ್ತೇನೆ. ಎಲ್ಲಿ ಕೂಡಲಿ ಎಂದು ನೀವೇ ಹೇಳಿ.”

ಮ್ಯಾನೇಜರ್ ಮಗುವನ್ನೊಮ್ಮೆ ನೋಡಿ ಒಳಗೆ ಹೋದರು. ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಆದರೆ ಮರುದಿನ ಕಾವಲುಗಾರ ನನ್ನ ಕೈಗೆ ಒಂದು ಬೀಗದ ಕೈ ಕೊಟ್ಟ. ನೆಲಮಹಡಿಯಲ್ಲಿ ಕಾಗದದ ಕಟ್ಟು ಇಡುವ ಕೋಣೆ. ಒಳಗೆ ಮ್ಯಾನೇಜರ್ ಫ್ಯಾನು, ಎರಡು ಕುರ್ಚಿ ಹಾಕಿಸಿದ್ದರು.

ಗೇಟಿನ ಬಳಿ ಆಯಿ ಆಡಿದ ಮಾತನ್ನು ಹಿಂದಿನ ದಿನ ಸಂಜೆಯೇ ಮನೆಯಲ್ಲಿ ಹೇಳಿದ್ದೆ. ಮಾವ ತಟ್ಟೆಯ ಮುಂದೆ ಹಾಗೇ ಕೂತುಬಿಟ್ಟರು. ಆ ಕೂಸು ಅವರೇ. ಐವತ್ತು ವರ್ಷ ಈ ಮಾತು ಅವರಿಗೂ ಗೊತ್ತಿರಲಿಲ್ಲ.

“ಯವ್ವಾ, ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಅವತ್ತಿನ ಹಸಿವಿ ಹೋಗ್ತಿತ್ತೇನೋ? ಉಣ್ಣು, ರೊಟ್ಟಿ ಆರಾಕತ್ತೈತಿ” ಎಂದರು ಆಯಿ.

ಮಾವ ಎದ್ದು ಹೋಗಿ ಅವರ ತೊಡೆಯ ಮೇಲೆ ತಲೆಯಿಟ್ಟರು. ಅಷ್ಟು ದೊಡ್ಡ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ಆಯಿ ಅವರ ನರೆಗೂದಲು ಸವರುತ್ತಿದ್ದರು.

ಮಗ ಗಂಜಿ ತಿನ್ನತೊಡಗುವವರೆಗೂ ಆಯಿ ಬಂದರು. ಆಮೇಲೆ ಅದನ್ನೊಂದು ದೊಡ್ಡ ಸಂಗತಿಯೆಂದು ಯಾರ ಮುಂದೆಯೂ ಆಡಲಿಲ್ಲ. ಇನ್ನೂ ಇಪ್ಪತ್ತೊಂದು ವರ್ಷ ನಮ್ಮೊಡನಿದ್ದು, ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ತುಂಬು ಜೀವನ, ಪುಣ್ಯವಂತೆ ಎಂದರು ಬಂದವರು. ನನಗೆ ಮಾತ್ರ ಅವರು ಅಷ್ಟು ವರ್ಷ ಬದುಕಿದ್ದಕ್ಕಿಂತ, ತಮಗೆ ಸಿಗದೇ ಹೋದದ್ದು ನನಗೆ ಸಿಗಲಿ ಎಂದು ಆ ವಯಸ್ಸಿನಲ್ಲಿ ಎರಡು ಬಸ್ಸು ಹತ್ತಿದ್ದೇ ದೊಡ್ಡದಾಗಿ ಕಾಣುತ್ತದೆ. ನನ್ನ ಸ್ವಂತ ತಾಯಿಯೂ ನನಗಾಗಿ ಅಷ್ಟು ಗಟ್ಟಿಯಾಗಿ ಯಾರ ಎದುರೂ ನಿಂತದ್ದು ನೆನಪಿಲ್ಲ.