ರಗ್ಬಿ ಅಮೇರಿಕಕ್ಕೆ ಹೋದರೆ ನನಗಾಗುವ ಅನನುಕೂಲಗಳು

ರಗ್ಬಿ ಆಟದ ನಿಯಮಗಳು ನನಗೆ ಪೂರ್ತಿ ಗೊತ್ತಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಏಕೆಂದರೆ ಆ ಆಟ ಅಮೇರಿಕದಲ್ಲಿ ಎಂದೆಂದಿಗೂ ಬೇರೂರಲಾರದು ಎಂದು ನಾನೊಮ್ಮೆ ಎರಡೂವರೆ ಪುಟ ಬರೆದಿದ್ದೇನೆ. ಅಮೇರಿಕವನ್ನೂ ನಾನು ನೋಡಿಲ್ಲ. ಎರಡು ಅಜ್ಞಾನಗಳನ್ನು ಒಂದರ ಪಕ್ಕ ಒಂದಿಟ್ಟರೆ ಎಷ್ಟು ಖಚಿತವಾದ ಅಭಿಪ್ರಾಯ ಹುಟ್ಟುತ್ತದೆ ಎಂಬುದು ಬರೆಯಲು ಕುಳಿತಾಗಲೇ ತಿಳಿಯುವುದು.

ಸ್ವಭಾವತಃ ನಾನು ವಾದ ಮಾಡುವವನಲ್ಲ, ಚಿಂತೆ ಮಾಡುವವನು. ವೃತ್ತಿಯೂ ಅದಕ್ಕೆ ಹೊಂದುವಂಥದೇ ಸಿಕ್ಕಿದೆ. ಇಂಗ್ಲೆಂಡಿನ ಲೀಡ್ಸ್ ಸುತ್ತಮುತ್ತಲಿನ ಹಳೆಯ ಸೇತುವೆಗಳ ಕೆಳಗೆ ನಿಂತು, ತಲೆಯ ಮೇಲಿನ ಬಿರುಕು ನೋಡುತ್ತ, ಇದು ಯಾವಾಗ ಬೀಳಬಹುದು ಎಂದು ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಜೆ ಮನೆಗೆ ಬಂದ ಮೇಲೆ ಬಾಯ್ಲರು, ಮನೆಸಾಲ, ಎಡಗಿವಿಯಲ್ಲಿ ಕೇಳಿಸುವ ಗುಂಯ್ ಶಬ್ದ ಇವುಗಳ ಕುರಿತು ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತೇನೆ. ಇಂಥವನು ಒಬ್ಬರ ಮೇಲೊಬ್ಬರು ಬೀಳುವುದನ್ನೇ ಆಟವೆಂದು ಕರೆಯುವ ರಗ್ಬಿಯ ಹತ್ತಿರ ಸುಳಿಯಬಾರದಿತ್ತು. ಸುಳಿದದ್ದು ಡೆರೆಕ್‌ನಿಂದ.

ಡೆರೆಕ್ ನಮ್ಮ ಪಕ್ಕದ ಮನೆಯವನು. ನಮಗೂ ಅವನಿಗೂ ನಡುವೆ ಒಂದೇ ಗೋಡೆ. ನಾವು ಆ ಮನೆಗೆ ಬಂದ ದಿನ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು ಒಳಗೂ ಹೋಗದೆ ಹೊರಗೂ ಬಾರದೆ ನಿಂತಿತ್ತು. ನಾನು ಅಳತೆಪಟ್ಟಿ ಹಿಡಿದು ಲೆಕ್ಕ ಹಾಕುತ್ತಿದ್ದೆ. ಎಮ್ಮೆಯ ಕತ್ತಿನಂಥ ಕತ್ತಿದ್ದ ಐವತ್ತರ ಒಬ್ಬ ಆಸಾಮಿ ಬೇಲಿ ದಾಟಿ ಬಂದು, "ಆ ತುದಿ ಹಿಡಿ, ಲವ್" ಎಂದ. ಈ ಯಾರ್ಕ್‌ಷೈರ್ ಸೀಮೆಯಲ್ಲಿ ಹಾಲಿನವನು, ಬಸ್ಸಿನವನು, ಹಲ್ಲು ಕೀಳುವವನು ಎಲ್ಲರೂ ಎಲ್ಲರನ್ನೂ 'ಲವ್' ಎಂದೇ ಕರೆಯುತ್ತಾರೆಂದು ನನಗಿನ್ನೂ ತಿಳಿದಿರಲಿಲ್ಲ. ಮದುವೆಯಾಗಿ ಎಂಟು ವರ್ಷವಾಗಿದ್ದರೂ ನನ್ನ ಹೆಂಡತಿ ಗಿರಿಜಾ ಕೂಡ ನನ್ನನ್ನು ಹಾಗೆ ಕರೆದಿರಲಿಲ್ಲ. ನಾನು ಗಾಬರಿಯಲ್ಲಿ ತುದಿ ಹಿಡಿದೆ. ಸೋಫಾ ಒಳಗೆ ಹೋಯಿತು.

ಅವನು ಹೊಟ್ಟೆಪಾಡಿಗೆ ಬಸ್ಸು ಓಡಿಸುತ್ತಿದ್ದ. ಬದುಕುತ್ತಿದ್ದದ್ದು ಮಾತ್ರ ನಮ್ಮ ಬಡಾವಣೆಯ ರಗ್ಬಿ ಕ್ಲಬ್ಬಿನಲ್ಲಿ, ತರಬೇತುದಾರನಾಗಿ. ಮರುವಾರವೇ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದ. ಹಾಗೆ ಒಂಬತ್ತು ವರ್ಷ, ಶನಿವಾರಕ್ಕೊಮ್ಮೆ, ನಾನು ಕೆಸರಿನ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದೇನೆ. ಎರಡೂ ಕಡೆಯ ಆಟಗಾರರು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ನೂಕಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಡೆರೆಕ್ ಒಂದು ಕಣ್ಣು ಆಟದ ಮೇಲೂ ಇನ್ನೊಂದು ನನ್ನ ಮೇಲೂ ಇಟ್ಟು, "ಮುಗೀತು, ತೆಗಿ" ಎನ್ನುತ್ತಿದ್ದ. ಅರ್ಧ ಆಟದ ಬಿಡುವಿನಲ್ಲಿ ಗಿರಿಜಾ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿ ತಿನ್ನುತ್ತಿದ್ದೆವು. ಈ ದೇಶದಲ್ಲಿ ನನಗೆ ಸಹೋದ್ಯೋಗಿಗಳಿದ್ದಾರೆ, ಕನ್ನಡ ಸಂಘದ ಪರಿಚಿತರಿದ್ದಾರೆ. ಸ್ನೇಹಿತ ಎಂದು ಬೆರಳು ಮಡಚತೊಡಗಿದರೆ ಒಂದೇ ಬೆರಳಿಗೆ ಮುಗಿಯುತ್ತದೆ.

ಇಲ್ಲೊಂದು ಸೂಕ್ಷ್ಮ ಹೇಳಬೇಕು. ರಗ್ಬಿ ಎಂದರೆ ಒಂದಲ್ಲ, ಎರಡು. ಮೂಲದ ಕಥೆ ನಮ್ಮ ಸ್ಥಳಪುರಾಣಗಳ ಜಾತಿಯದು: ಇಲ್ಲಿಂದ ಕೆಳಗೆ, ರಗ್ಬಿ ಎಂಬ ಊರಿನ ಶಾಲೆಯಲ್ಲಿ ಯಾರೋ ಹುಡುಗ ಕಾಲಲ್ಲಿ ಒದೆಯಬೇಕಾದ ಚೆಂಡನ್ನು ಕೈಗೆತ್ತಿಕೊಂಡು ಓಡಿದನಂತೆ. ನಿಜವೆಂದು ನಂಬುವವರು ಕಡಿಮೆ, ಬಿಟ್ಟುಕೊಡುವವರು ಇನ್ನೂ ಕಡಿಮೆ. ಆಮೇಲೆ ಉತ್ತರದ ಗಣಿ, ಗಿರಣಿಗಳ ಕೆಲಸಗಾರರು, ಆಡಲು ಹೋದ ದಿನದ ಕೂಲಿ ನಮಗೆ ಯಾರು ಕೊಡುತ್ತಾರೆ ಎಂದು ಕೇಳಿದರು. ದಕ್ಷಿಣದ ದೊಡ್ಡ ಮನುಷ್ಯರಿಗೆ ಆ ಪ್ರಶ್ನೆಯೇ ಅಸಹ್ಯವಾಗಿ ಕಂಡಿತು. ಒಂದು ಮಠ ಎರಡಾಯಿತು. ಒಂದರಲ್ಲಿ ತಂಡಕ್ಕೆ ಹದಿನೈದು ಜನ, ಇನ್ನೊಂದರಲ್ಲಿ ಹದಿಮೂರು. ನೂರು ವರ್ಷ ದಾಟಿದರೂ ಒಂದು ಮಠದವರು ಇನ್ನೊಂದು ಮಠದ ಪ್ರಸಾದ ಮುಟ್ಟುವುದಿಲ್ಲ. ಡೆರೆಕ್ ಹದಿಮೂರರ ಮಠದ ನೈಷ್ಠಿಕ ಭಕ್ತ. ಹದಿನೈದರ ರಗ್ಬಿಯಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ನಮ್ಮ ಮನೆಯಲ್ಲೇ ಕೂತು ಟೀವಿ ನೋಡಿದ. "ನಮ್ಮ ಆಟ ಅಲ್ಲ ಬಿಡು" ಎಂದು ಮೂರು ಸಲ ಹೇಳಿದ. ಕೊನೆಯ ನಿಮಿಷದಲ್ಲಿ ಎದ್ದು ನಿಂತವನು ನನ್ನ ಹೆಗಲು ಹಿಡಿದದ್ದು ಎರಡು ದಿನ ನೋಯುತ್ತಿತ್ತು.

ಅದರ ಮರುವರ್ಷದ ಮಾತು. ಅಷ್ಟರಲ್ಲಿ ಡೆರೆಕ್ ಬಸ್ಸಿನಿಂದ ನಿವೃತ್ತನಾಗಿದ್ದ. ಹೆಂಡತಿ ಮಾರ್ಗರೆಟ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಕ್ಲಬ್ಬು ಪಕ್ಕದ ಇನ್ನೊಂದು ಕ್ಲಬ್ಬಿನೊಡನೆ ಸೇರಿಹೋಗಿ, ಅವನ ಜಾಗಕ್ಕೆ ಲ್ಯಾಪ್‌ಟಾಪ್ ಹಿಡಿದ ಹೊಸ ತರಬೇತುದಾರ ಬಂದಿದ್ದ. ಆಗ ಬಂತು ಅಮೇರಿಕದ ಓಹಾಯೋದಿಂದ ಒಂದು ಕಾಗದ. ಹಿಂದೊಮ್ಮೆ ಲೀಡ್ಸಿನಲ್ಲಿ ಒಂದು ವರ್ಷ ಓದಿ, ಡೆರೆಕ್‌ನ ಕೈಕೆಳಗೆ ಪಳಗಿ ಹೋಗಿದ್ದ ಅಮೇರಿಕನ್ ಒಬ್ಬ ಈಗ ಅಲ್ಲಿನ ಕಾಲೇಜಿನಲ್ಲಿ ಕ್ರೀಡಾ ವಿಭಾಗ ನೋಡಿಕೊಳ್ಳುತ್ತಿದ್ದ. ರಗ್ಬಿ ತಂಡ ಕಟ್ಟಬೇಕು, ಎರಡು ವರ್ಷಕ್ಕೆ ಬರುತ್ತೀಯಾ, ಕಾಲೇಜಿನವರಿಗೆ ತೋರಿಸಲು 'ರಗ್ಬಿ ಅಮೇರಿಕದಲ್ಲಿ ಜನಪ್ರಿಯವಾಗಬಲ್ಲದೇ' ಎಂದು ನಿನ್ನ ಅಭಿಪ್ರಾಯ ಬರೆದು ಕಳಿಸು ಎಂದು ಕೇಳಿದ್ದ. ಆಡಬೇಕಾದದ್ದು ಹದಿನೈದರ ಆಟ. ಡೆರೆಕ್ ಮಠ ಬದಲಿಸಲೂ ತಯಾರಾಗಿದ್ದ. ಅವನಿಗೆ ಆ ಕೆಲಸ ಎಷ್ಟು ಬೇಕಾಗಿದೆ ಎಂದು ನನಗೆ ಅಲ್ಲಿಯೇ ಅರ್ಥವಾಗಬೇಕಿತ್ತು.

"ನಾನು ಹದಿನೈದಕ್ಕೇ ಸ್ಕೂಲು ಬಿಟ್ಟವನು. ನೀನು ರಿಪೋರ್ಟು ಬರೀತೀಯಲ್ಲ, ಲವ್, ನೀನೇ ಬರೆದುಕೊಡು" ಎಂದ.

ಬರೆದೆ. ಪ್ರಬಂಧವೆಂದರೆ ಹೇಗಿರಬೇಕೆಂದು ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು: ಮೊದಲು ಪೀಠಿಕೆ, ಆಮೇಲೆ ಅನುಕೂಲಗಳು, ಆಮೇಲೆ ಅನನುಕೂಲಗಳು, ಕಡೆಗೆ ಉಪಸಂಹಾರ. ಅನನುಕೂಲ ಬರೆಯದಿದ್ದರೆ ಐದು ಅಂಕ ಕಟ್. ವಿಜ್ಞಾನ, ಸಿನಿಮಾ, ಪ್ರವಾಸ, ಸಂಯುಕ್ತ ಕುಟುಂಬ, ಏನೇ ಬರಲಿ, ನಾವು ಎರಡೂ ಕಡೆ ತೂಗಿಯೇ ಬರೆಯುತ್ತಿದ್ದವರು. ಕೆಲಸಕ್ಕೆ ಅರ್ಜಿ ಹಾಕುವಾಗ ಅನನುಕೂಲಗಳನ್ನು ಪಟ್ಟಿ ಮಾಡಿ ಲಗತ್ತಿಸುವ ಜನ ಲೋಕದಲ್ಲಿ ಬೇರೆಲ್ಲೂ ಇರಲಾರರು ಎಂಬುದು ಆಗ ಹೊಳೆಯಲಿಲ್ಲ.

ಅನುಕೂಲಗಳು ಐದು ಸಾಲಿಗೆ ಮುಗಿದವು. ಅನನುಕೂಲಗಳಿಗೆ ಬಂದಾಗ ಪೆನ್ನು ತಾನಾಗಿ ಓಡತೊಡಗಿತು. ಅಮೇರಿಕದವರ ಫುಟ್‌ಬಾಲ್ ರಗ್ಬಿಯ ಮೊಮ್ಮಗನೇ ಹೌದು. ಆದರೆ ಶಿರಸ್ತ್ರಾಣ ತೊಟ್ಟು ಅಜ್ಜನ ಗುರುತೇ ಸಿಗದಷ್ಟು ಬೆಳೆದಿದ್ದಾನೆ. ಅಲ್ಲಿ ನಾಲ್ಕು ಹೆಜ್ಜೆ ಓಡಿ, ನಿಂತು, ಸಮಾಲೋಚನೆ ನಡೆಸುತ್ತಾರೆ; ಆ ಬಿಡುವಿನಲ್ಲಿ ಟೀವಿಯವರು ಒಂದು ಕಾರು, ಎರಡು ಪಿಜ್ಜಾ ಮಾರಿ ಮುಗಿಸುತ್ತಾರೆ. ರಗ್ಬಿ ನಿಲ್ಲುವುದೇ ಇಲ್ಲ; ನಿಲ್ಲದ ಆಟದಲ್ಲಿ ಜಾಹೀರಾತು ಹಾಕುವುದೆಲ್ಲಿ? ಮೂಳೆ ಮುರಿದರೆ ವಕೀಲರು ಬರುತ್ತಾರೆ. ಎರಡು ತಂಡಗಳೂ ಸಮ ಸಮ ಎಂದು ಆಟ ಮುಗಿಯುವುದನ್ನು ಆ ದೇಶ ಸಹಿಸದು. ಎಲ್ಲಕ್ಕಿಂತ ಮಿಗಿಲಾಗಿ, ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೇ ಎಸೆಯಬೇಕು. ಮುಂದೆ ಹೋಗುವುದೊಂದೇ ಗೊತ್ತಿರುವ ದೇಶಕ್ಕೆ ಇದನ್ನು ಯಾರು ವಿವರಿಸುವುದು? ಹೀಗೆ ಎರಡು ಪುಟ. ನಡುವೆ ಲೈಬ್ರರಿಗೆ ಹೋಗಿ ಹಳೆಯ ಪುಸ್ತಕ ತಿರುವಿದಾಗ ಒಂದು ಸಂಗತಿ ಸಿಕ್ಕಿತು: ಒಂದಾನೊಂದು ಕಾಲದಲ್ಲಿ ರಗ್ಬಿ ಒಲಿಂಪಿಕ್ಸಿನಲ್ಲಿತ್ತು, ಮತ್ತು ಅಮೇರಿಕ ಅದರಲ್ಲಿ ಎರಡು ಸಲ ಚಿನ್ನ ಗೆದ್ದಿತ್ತು! ನಾನು ಆ ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟು ಬಂದೆ. ಸ್ಥಳಾಭಾವ, ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಡೆರೆಕ್ ನಮ್ಮ ಅಡಿಗೆಮನೆಯ ಮೇಜಿನ ಮುಂದೆ ಕೂತು ಓದಿದ. ಬೆರಳಿಟ್ಟು, ಸಾಲುಸಾಲಾಗಿ. ಗಿರಿಜಾ ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದಳು. ಓದಿ ಮುಗಿಸಿ ಕನ್ನಡಕ ತೆಗೆದ.

"ಬಹಳ ಚೆನ್ನಾಗಿದೆ, ಲವ್" ಎಂದ. "ಇದನ್ನ ಓದಿದ ಮೇಲೆ ನಾನೇ ನನಗೆ ಕೆಲಸ ಕೊಡಲ್ಲ."

ನಾನು ಮೇಷ್ಟ್ರ ಐದು ಅಂಕದ ಕಥೆ ಹೇಳತೊಡಗಿದೆ. ಗಿರಿಜಾ ಹಿಟ್ಟಿನ ಕೈಯಲ್ಲೇ ಬಂದು, ಡೆರೆಕ್‌ನ ಹೆಗಲ ಮೇಲಿಂದ ಬಗ್ಗಿ ಒಂದು ಪುಟ ಓದಿದಳು. ಅವಳು ಧಾರವಾಡದವಳು; ಮಾತನ್ನು ಸುತ್ತಿ ಬಳಸಿ ಆಡುವ ರೂಢಿ ಇಲ್ಲ.

"ಏನ್ರೀ ಇದು, ಅರ್ಜಿ ಬರದೀರೋ, ತಡೆಯಾಜ್ಞೆ ತಂದೀರೋ?"

"ಎರಡೂ ಕಡೆ ಹೇಳ್ಬೇಕಲ್ವೇನೇ."

"ಎರಡೂ ಕಡೆ ಎಲ್ಲೈತ್ರಿ? ಇರೋದೆಲ್ಲ ನಿಮ್ಮ ಕಡೀದ ಐತಿ. ಶನಿವಾರ ನಿಮಗ ಹೊತ್ತು ಹೋಗಂಗಿಲ್ಲ ಅಂತ ಪಾಪ ಆ ಮನಶ್ಯಾನ್ನ ಕಟ್ಟಿ ಹಾಕ್ತೀರೇನು?"

"ಏನಂತೆ?" ಎಂದ ಡೆರೆಕ್.

"ಇನ್ನೊಂದು ಸಲ ತಿದ್ದಬೇಕಂತೆ" ಎಂದೆ.

ಡೆರೆಕ್ ಕನ್ನಡ ಅರಿಯದಿದ್ದರೂ ಹೆಂಡತಿಯರ ದನಿ ಅರಿಯದವನಲ್ಲ. ಚಹಾದ ಲೋಟವನ್ನು ಎರಡು ಸಲ ಸುತ್ತು ತಿರುಗಿಸಿದ. "ನೋಡು," ಎಂದ, "ಹುಡುಗರು ಮಳೇಲಿ ನಿಂತು 'ಈಗೇನು ಮಾಡೋದು' ಅಂತ ನನ್ನ ಮುಖ ನೋಡ್ತಿದ್ರು. ಮೂವತ್ತು ವರ್ಷ. ಈಗ ನನ್ನ ಮುಖ ನೋಡೋದು ಬೆಕ್ಕು ಒಂದೇ. ಅದೂ ಊಟದ ಹೊತ್ತಿಗೆ." ಇಷ್ಟು ಹೇಳಿ, ತನಗೇ ನಾಚಿಕೆಯಾದವನಂತೆ, ರೊಟ್ಟಿ ಆಯಿತೇ ಎಂದು ಗಿರಿಜಾಳನ್ನು ಕೇಳಿದ.

ಸೇತುವೆಯ ವರದಿ ಬರೆಯುವಾಗ ನಾನು ಬಿರುಕನ್ನು ಬಿರುಕೆಂದೂ ಗಟ್ಟಿ ಕಲ್ಲನ್ನು ಗಟ್ಟಿ ಕಲ್ಲೆಂದೂ ಬರೆಯುತ್ತೇನೆ. ಹಾಗೆ ಬರೆಯದವನನ್ನು ಕೆಲಸದಿಂದ ತೆಗೆಯುತ್ತಾರೆ. ಸ್ನೇಹದಿಂದ ತೆಗೆಯುವವರು ಯಾರೂ ಇಲ್ಲದ್ದರಿಂದ ನಾನು ಸದರ ತೆಗೆದುಕೊಂಡಿದ್ದೆ. ಅವತ್ತೇ ಮಧ್ಯಾಹ್ನ ಮತ್ತೆ ಬರೆಯಲು ಕೂತೆ. ಎರಡು ಚಿನ್ನದ ಪದಕಗಳು ಮೊದಲ ಸಾಲಿಗೆ ಬಂದವು. ರಗ್ಬಿಯಲ್ಲಿ ದಪ್ಪನೆಯವನಿಗೆ, ಕುಳ್ಳನಿಗೆ, ಕೊಕ್ಕರೆಯಂಥವನಿಗೆ, ಪ್ರತಿ ಮೈಕಟ್ಟಿಗೂ ಒಂದು ಜಾಗವಿದೆ. ಅಮೇರಿಕದಲ್ಲಿ ಎಲ್ಲ ಮೈಕಟ್ಟಿನವರೂ ಇದ್ದಾರೆ ಎಂದು ಬರೆದೆ. ನಿಯಮ ಗೊತ್ತಿಲ್ಲದವನೂ ಈ ಆಟಕ್ಕೆ ಒಂಬತ್ತು ವರ್ಷ ಅಂಟಿಕೊಳ್ಳಬಹುದು, ಸಾಕ್ಷಿ ಪಕ್ಕದ ಮನೆಯಲ್ಲಿದೆ ಎಂದೂ ಸೇರಿಸಿದೆ. ಹಿಂದಕ್ಕೆ ಎಸೆಯುವ ವಿಷಯಕ್ಕೆ ಬಂದು ಪೆನ್ನು ನಿಂತಿತು. ಬಹಳ ಹೊತ್ತು ಕಿಟಕಿಯಾಚೆ ನೋಡಿ ಬರೆದೆ: ಎದುರಿನವರು ಮೈಮೇಲೆ ಬೀಳುತ್ತಿರುವಾಗ ಹಿಂದೆ ತಿರುಗಿ ನೋಡುವಷ್ಟು ಸಮಯವಿರುವುದಿಲ್ಲ, ನಮ್ಮವನೊಬ್ಬ ಬೆನ್ನ ಹಿಂದೆ ಇದ್ದೇ ಇರುತ್ತಾನೆ ಎಂದು ನಂಬಿ ಎಸೆಯಬೇಕು, ಇದನ್ನು ಕಲಿಯಲು ಯಾವ ದೇಶದ ಹುಡುಗನಿಗಾದರೂ ಒಬ್ಬ ಒಳ್ಳೆಯ ಗುರು ಸಿಕ್ಕರೆ ಸಾಕು. ಅನನುಕೂಲಗಳನ್ನು ಬರೆಯಲಿಲ್ಲ. ಐದು ಅಂಕ ಹೋದರೆ ಹೋಗಲಿ.

ಆರು ವಾರಕ್ಕೆ ಕೆಲಸ ಸಿಕ್ಕಿತು. ಮ್ಯಾಂಚೆಸ್ಟರಿನ ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟುಬಂದೆ. ದಾರಿಯುದ್ದಕ್ಕೂ ಪಾಸ್‌ಪೋರ್ಟ್, ರಕ್ತದೊತ್ತಡದ ಮಾತ್ರೆ, ಅಲ್ಲಿನ ಹಿಮ, ಬಲಗಡೆ ಓಡುವ ವಾಹನಗಳು, ಎಲ್ಲದರ ಬಗ್ಗೆ ಎಚ್ಚರಿಕೆ ಕೊಟ್ಟೆ. ನಿಲ್ದಾಣದ ಹತ್ತಿರದ ವಿದನ್‌ಶಾ ಆಸ್ಪತ್ರೆಯ ಬೋರ್ಡು ದಾಟುವಾಗ ಡೆರೆಕ್, "ನನ್ನ ಬದಲು ನೀನೇ ಹೋಗ್ತಿರೋ ಹಾಗಿದೆ" ಎಂದ. ಅವನು ಒಳಗೆ ಹೋದ ಮೇಲೆ ಪಾರ್ಕಿಂಗಿನಲ್ಲಿ ನನ್ನ ಕಾರು ಎಲ್ಲಿದೆ ಎಂದು ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೇನೂ ದೊಡ್ಡ ಪಾರ್ಕಿಂಗ್ ಅಲ್ಲ.

ಭಾನುವಾರ ಮಧ್ಯಾಹ್ನ ಅವನ ಫೋನು ಬರತೊಡಗಿತು. ಅಲ್ಲಿ ಆಗ ಬೆಳಿಗ್ಗೆ. ಮೊದಲ ವಾರ ಹನ್ನೊಂದು ಜನ ಬಂದರಂತೆ. ಅದರಲ್ಲಿ ಇಬ್ಬರು, ಶಿರಸ್ತ್ರಾಣ ಕೊಡುವುದಿಲ್ಲವೆಂದು ತಿಳಿದು ವಾಪಸು ಹೋದರಂತೆ. ಒಳಗೊಳಗೇ ನನ್ನ ಮೊದಲ ಎರಡೂವರೆ ಪುಟಕ್ಕೆ ಒಂದು ಕ್ಷಣ ಹೆಮ್ಮೆಯಾದದ್ದು ನಿಜ, ಸುಳ್ಳೇಕೆ ಹೇಳಲಿ? ಆದರೆ ಆ ವಾರವೆಲ್ಲ ನಿದ್ದೆ ಸರಿಯಾಗಲಿಲ್ಲ. ಒಂಬತ್ತು ಜನರನ್ನಿಟ್ಟುಕೊಂಡು ಆ ಮನುಷ್ಯ ಏನು ಮಾಡಬೇಕು? ಮುಂದಿನ ವಾರ ಹನ್ನೊಂದಾಯಿತು, ತಿಂಗಳಿಗೆ ಹದಿಮೂರು. "ನಮ್ಮ ಆಟಕ್ಕಾಗಿದ್ರೆ ಇಷ್ಟೇ ಸಾಕಿತ್ತು" ಎಂದು ಡೆರೆಕ್ ನಿಟ್ಟುಸಿರಿಟ್ಟ. ನಗುತ್ತಿದ್ದ, ಆದರೂ ನಿಟ್ಟುಸಿರು. ರೊಟ್ಟಿ ಬಡಿಯುತ್ತ ಗಿರಿಜಾ, "ಇನ್ನಿಬ್ಬರು ಸಿಕ್ಕರಂತೇನ್ರಿ?" ಎಂದು ಕೇಳುವುದು ಈಗ ಮನೆಯಲ್ಲಿ ರೂಢಿಯಾಗಿದೆ. ಬಾಯ್ಲರಿನ ಚಿಂತೆ ನನಗೆ ಬಿಟ್ಟೇಹೋಗಿದೆ. ಆ ಜಾಗದಲ್ಲಿ ಅಮೇರಿಕದ ರಗ್ಬಿಯ ಭವಿಷ್ಯ ಬಂದು ಕೂತಿದೆ.

ಹೋದ ತಿಂಗಳು ಡೆರೆಕ್‌ನಿಂದ ಸುದ್ದಿ ಬಂತು: ಹದಿನಾಲ್ಕು, ಇನ್ನೊಬ್ಬನೇ ಬಾಕಿ. ಅದರ ಮರುವಾರ ಕನ್ನಡ ಸಂಘದ ಯುಗಾದಿ ಊಟ. ಪಕ್ಕದಲ್ಲಿ ಕೂತಿದ್ದ, ವುಲ್ವರ್‌ಹ್ಯಾಂಪ್ಟನ್ನಿನಿಂದ ಬಂದಿದ್ದ ಡಾಕ್ಟರ್ ಸುಮಾ ಎಂಬವರು ಮಾತಿನ ನಡುವೆ, ತಮ್ಮ ಮೈದುನ ಪಿಎಚ್‌ಡಿ ಮಾಡಲು ಓಹಾಯೋಗೆ ಹೋಗಿದ್ದಾನೆಂದು ಹೇಳಿದರು. ಕಾಲೇಜಿನ ಹೆಸರು ಕೇಳಿ ನನ್ನ ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು. ಯಾವ ವಿಷಯ, ಗೈಡ್ ಯಾರು ಎಂದು ಕೇಳುವುದು ಸಭ್ಯರ ಪದ್ಧತಿ.

"ತೂಕ ಎಷ್ಟಿದ್ದಾರೆ?" ಎಂದು ಕೇಳಿದೆ.

ಆಕೆ ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ಅರ್ಥವಾದವರಂತೆ ಮುಖ ಅರಳಿಸಿ ಹತ್ತಿರ ಬಗ್ಗಿದರು. "ಒಳ್ಳೆ ಹುಡುಗ ಸಾರ್. ಇಪ್ಪತ್ತೆಂಟು. ಸ್ವಲ್ಪ ದಪ್ಪ ಅಂತಾನೇ ಇಲ್ಲಿವರೆಗೆ ಒಂದೂ ಸಂಬಂಧ ಕೂಡಿ ಬಂದಿಲ್ಲ. ನಿಮ್ಮ ಕಡೆ ಯಾರಾದ್ರೂ ಇದ್ದಾರಾ?"

ದಪ್ಪ! ನನಗೆ ಕಣ್ಣು ತುಂಬಿ ಬಂತು.

"ಇದ್ದಾರಮ್ಮ" ಎಂದೆ, ಜೇಬಿನಲ್ಲಿ ಪೆನ್ನು ಹುಡುಕುತ್ತ. "ಹದಿನಾಲ್ಕು ಜನ ಇದ್ದಾರೆ. ನಂಬರ್ ಹೇಳಿ."