ಜೆಟ್ಟಿಯ ಬಳಿ ಒಂದು ಲೋಟ ಗಂಜಿ

ಅಂಡಮಾನಿನ ಈ ಸಣ್ಣ ದ್ವೀಪಕ್ಕೆ ಬಂದು ಎರಡು ದಿನವಾಯಿತು. ನರಸಾಪುರದ ಫ್ಯಾಕ್ಟರಿಯಲ್ಲಿ ವರ್ಷವೆಲ್ಲ ಕೂಡಿಟ್ಟ ರಜೆ ಇದು. ಹಡಗಿನಲ್ಲಿ ವಾಂತಿ ಮಾಡಿಕೊಂಡ ಮೇಲೆ ಎರಡು ವರ್ಷದ ಮಗಳು ಚಿನ್ನಿ ಹಾಲು ಬಿಟ್ಟು ಬೇರೇನನ್ನೂ ಮುಟ್ಟಿಲ್ಲ. ಅವಳನ್ನು ಹೊತ್ತು ಹೊತ್ತು ನಮ್ಮಿಬ್ಬರ ತೋಳೂ ಸೋತುಹೋಗಿವೆ.

ಇವತ್ತು ಬೆಳಿಗ್ಗೆ ಜೆಟ್ಟಿಯ ಪಕ್ಕದ ಸಣ್ಣ ಹೋಟೆಲಿನಲ್ಲಿ ಚಿನ್ನಿ ಇಡ್ಲಿಯನ್ನೂ ಉಗಿದಳು. “ತಿನವೇ ತಲ್ಲೀ, ಒಂದೇ ಒಂದ್ ತುತ್ತು,” ಎಂದು ಹೆಂಡತಿ ರತ್ನ ನಮ್ಮ ಗಡಿ ಕಡೆಯ ತೆಲುಗು ಬೆರೆಸಿ ಗೋಗರೆದಳು. ಇಡ್ಲಿ ಬೇಯಿಸುತ್ತಿದ್ದ ಹೆಂಗಸು ತಟ್ಟನೆ ತಿರುಗಿ, ಮಗು ಮನೆಯಲ್ಲಿ ಏನು ತಿನ್ನುತ್ತದೆ ಎಂದು ತೆಲುಗಿನಲ್ಲೇ ಕೇಳಿದಳು. ಇಷ್ಟು ದೂರದ ಕಡಲಲ್ಲಿ ಆ ಮಾತು ಕಿವಿಗೆ ಬಿದ್ದೀತೆಂದು ನಾನು ಎಣಿಸಿರಲಿಲ್ಲ.

ರತ್ನ ಬ್ಯಾಗಿನಿಂದ ರಾಗಿ ಹಿಟ್ಟಿನ ಡಬ್ಬಿ ತೆಗೆದು ತೋರಿಸಿದಳು. ನಮ್ಮ ರೂಮಿನಲ್ಲಿ ಒಲೆ ಇರಲಿಲ್ಲ. ಆ ಹೆಂಗಸು ಟೀ ಪಾತ್ರೆ ಇಳಿಸಿ ಗಂಜಿ ಕಾಯಿಸಿಕೊಟ್ಟಳು. ಚಿನ್ನಿ ಲೋಟ ಖಾಲಿಯಾಗುವವರೆಗೂ ಕುಡಿದಳು. ರತ್ನ ವೇಲಿನಲ್ಲಿ ಮುಖ ಮುಚ್ಚಿಕೊಂಡಳು.

“ಕುಡಿದ್ಲಲ್ಲ, ಯಾಕೇ ಅಳ್ತೀಯ?” ಎಂದೆ.

“ಇಲ್ಲಿಗೆ ಬರೋಣ ಅಂತ ಹಟ ಮಾಡಿದ್ದು ನಾನೇ ಕಣ್ರೀ.”

ಹೋಟೆಲಿನಾಕೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಮ್ಮಿಬ್ಬರ ಮುಂದೆ ಬಿಸಿ ಇಡ್ಲಿಯ ತಟ್ಟೆಗಳನ್ನಿಟ್ಟಳು. ನಿನ್ನೆ ಮಧ್ಯಾಹ್ನದಿಂದ ನಾವೂ ಏನೂ ತಿಂದಿಲ್ಲವೆಂದು ಆಗಲೇ ನೆನಪಾಯಿತು.